ಜಿಪ್ಸಂನ ಎರಡು ನೀರು

ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಪ್ಪು ನೆಲಕ್ಕೆ ಭತ್ತ ಬಂತು, ಭತ್ತದ ಬೆನ್ನಿಗೇ ಸವಳೂ ಬಂತು. ಉಪ್ಪು, ಕ್ಷಾರ ಏರಿ ಕೆಟ್ಟ ಆ ಸವಳು ನೆಲಕ್ಕೆ ಜಿಪ್ಸಂ ಹಾಕಬೇಕು. ಆ ಜಿಪ್ಸಂ ಅಸಲಿಯೋ ನಕಲಿಯೋ ಎಂದು ಹೇಳುವುದಕ್ಕೆ ಒಂದು ಪ್ರಯೋಗಾಲಯ ಬೇಕು. ಶಹಾಪುರದಲ್ಲಿದ್ದ ಅಂಥದೊಂದು ಖಾಸಗಿ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕಿದ್ದೆ. ಸುರಪುರದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ನನ್ನ ಪಾಲಿಗೆ ಮಣ್ಣಿನ ಕೆಲಸ. ಗೊಬ್ಬರ, ಸುಣ್ಣ, ಜಿಪ್ಸಂ ಮುಂತಾದ ದೊಡ್ಡ ಮಾಲುಗಳನ್ನು ಮುಖ್ಯಸ್ಥರು ಸ್ವತಃ ಮಾಡುತ್ತಿದ್ದರು. ಅದರಲ್ಲೂ ಜಿಪ್ಸಂ ಎಂದರೆ ಅವರಿಗೆ ಬಲು ಪ್ರೀತಿ, ಏಕೆಂದರೆ ಅದರಲ್ಲಿ ಲೆಕ್ಕವಿದೆ.

ಆ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟು, ಅದರ ಒಂದೊಂದು ಅಣುವಿಗೆ ಎರಡೆರಡು ನೀರಿನ ಅಣು ಅಂಟಿಕೊಂಡಿರುತ್ತವೆ. ಮುಟ್ಟಿದರೆ ಒಣ ಪುಡಿಯೇ, ನೀರು ಇರುವುದು ಹರಳಿನ ಒಳಗೆ. ತೂಕ ಮಾಡಿ ಕುಲುಮೆಯಲ್ಲಿ ಸುಟ್ಟರೆ ನೀರು ಹಾರಿಹೋಗುತ್ತದೆ. ಹೋದ ತೂಕವನ್ನು ಹದಿನೆಂಟರಿಂದ, ಉಳಿದ ತೂಕವನ್ನು ನೂರಾ ಮೂವತ್ತಾರರಿಂದ ಭಾಗಿಸಬೇಕು. ಮೊದಲನೆಯದು ಎರಡನೆಯದರ ಎಷ್ಟು ಪಟ್ಟು ಇದೆಯೋ ಅಷ್ಟು ನೀರು. ಎರಡು ಬಂದರೆ ಜಿಪ್ಸಂ. ಅರ್ಧ ಬಂದರೆ ಅದು ಆಗಲೇ ಸುಟ್ಟ ಮಾಲು, ಮನೆಯ ಛತ್ತಿಗೆ ಬಳಿಯುವ ಪಿಓಪಿ. ಅದಕ್ಕೆ ನೀರು ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕಲ್ಲಾಗುತ್ತದೆ.

ಆ ಬೇಸಿಗೆಯಲ್ಲಿ ಕಾಲುವೆಯ ಕೆಳಗಿನ ಒಂದು ಹಳ್ಳಿಯ ರೈತರ ಸಂಘದವರು ಜಿಪ್ಸಂ ಮಾದರಿ ತಂದುಕೊಟ್ಟರು. ಅವರಿಗೆ ಮಾಲು ಹಾಕುತ್ತಿದ್ದವರು ರಾಮಸಮುದ್ರದ ಕಡೆಯವರು, ಯಾದಗಿರಿ ರಸ್ತೆಯಲ್ಲಿ ಒಂದು ಗಿರಣಿ ಇಟ್ಟುಕೊಂಡು ಹೊರಗಿನಿಂದ ಜಿಪ್ಸಂ ಕಲ್ಲು ತರಿಸಿ ಪುಡಿ ಮಾಡುತ್ತಿದ್ದರು. ಮುಖ್ಯಸ್ಥರು ಪರೀಕ್ಷೆ ಮಾಡಿದರು. ಎರಡು ಗ್ರಾಂ ಸುಟ್ಟರು, ಹೋದದ್ದು 0.126. ಅಂದರೆ ಅರ್ಧ ನೀರು. ಅದಕ್ಕೂ ಮುಂಚೆ ಮಾದರಿಯನ್ನು ಒಣಗಿಸಿದಾಗ ಕಳೆದ ತೂಕವನ್ನು ತೇವಾಂಶ ಎಂದು ಬರೆದರು. ಅದು ನೂರಕ್ಕೆ ಹದಿನೈದು ದಾಟಿತ್ತು. ವರದಿಯ ಕೊನೆಗೆ ಇಂಗ್ಲಿಷಿನಲ್ಲಿ ಎರಡು ಸಾಲು ಹಾಕಿ, ಸಂಘದ ಕಾರ್ಯದರ್ಶಿಗೆ ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಿದರು:

“ನೀರು ಹೊಡದು ತೂಕ ಏರಿಸ್ಯಾನ. ಮ್ಯಾಲ ಪಿಓಪಿ ಕಲಸ್ಯಾನ. ಇದನ್ನ ಹೊಲಕ್ಕ ಹಾಕಿದ್ರ ನೆಲ ಗಚ್ಚು ಆಗ್ತದ.”

ನೆಲ ಗಚ್ಚಾಗುವುದು ಸುಳ್ಳು. ಪಿಓಪಿ ಹಾಕಿದರೂ ಹೊಲ ಗಚ್ಚಾಗುವುದಿಲ್ಲ. ಆದರೆ ನಮ್ಮ ಮುಖ್ಯಸ್ಥರಿಗೆ ಮಾತಿಗೆ ಒಗ್ಗರಣೆ ಹಾಕದೆ ಬಡಿಸಿ ಗೊತ್ತಿರಲಿಲ್ಲ. ಕಾರ್ಯದರ್ಶಿ ವರದಿಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು ಹೋದರು. ನಾನು ಆಚೆ ಟೇಬಲ್ಲಿನಲ್ಲಿ ಮಣ್ಣು ಕದಡುತ್ತ ಕೂತಿದ್ದೆ.

ಕೆಲವು ದಿನಗಳ ನಂತರ ಗಿರಣಿಯವರೇ ಬಂದರು. ಮುಖ್ಯಸ್ಥರು ಕಲಬುರಗಿಗೆ ಮೀಟಿಂಗಿಗೆ ಹೋಗಿದ್ದರು, ಅಟೆಂಡರ್ ಕಾಕಾ ಅವರನ್ನು ನನ್ನ ಕಡೆ ಕಳಿಸಿದರು. ನಲವತ್ತರ ಗಂಡಸು, ಬಾಯಿಗೆ ಟವೆಲ್ ಅಡ್ಡ ಹಿಡಿದಿದ್ದರು. ಕೈಯಲ್ಲಿ ಒಂದು ಸಣ್ಣ ಚೀಲ. ಕುರ್ಚಿ ತೋರಿಸಿದರೆ ಕೂರಲಿಲ್ಲ.

“ನಂದು ಮಾಲು ಖರೇ ಅದ್ರಿ ಮೇಡಮ್ರ. ನಾ ಬರೀ ಬೀಸ್ತೀನಿ, ಜರಡಿ ಹಿಡಿತೀನಿ, ತುಂಬ್ತೀನಿ. ಮತ್ತೇನೂ ಮಾಡಂಗಿಲ್ರಿ.”

ಹೀಗೆ ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ಫೇಲಾದ ಮಾಲಿನ ಒಡೆಯರೆಲ್ಲ ಇದೇ ಮಾತು ಆಡುತ್ತಾರೆ. ವರದಿ ಬದಲಾಯಿಸುವುದು ನನ್ನ ಕೈಯಲ್ಲಿಲ್ಲ, ಸಾಹೇಬರು ಬಂದ ಮೇಲೆ ಬನ್ನಿ ಎಂದೆ. ಆಗ ಅವರು ಟವೆಲ್ ತೆಗೆದರು. ತುಟಿಯ ಎರಡೂ ಕೊನೆಗಳು ಸೀಳಿದ್ದವು. ಗಲ್ಲದ ಮೇಲೆ ಬೆರಳಿನ ಗುರುತುಗಳು ನೀಲಿಗಟ್ಟಿದ್ದವು.

“ಗೋದಾಮಿನ ಮುಂದ ಎಲ್ಲಾರೂ ಕೂಡಿದ್ರಿ. ನಿಮ್ಮ ಕಾಗದ ಓದಿದ್ರು. ಮಾಲು ಖರೇ ಅದ ಅಂದೆ. ಹಂಗಾರ ಮೊದ್ಲು ನೀ ತಿನ್ನು ಅಂದ್ರು. ನಾನೇ ಒಂದು ಹಿಡಿ ತಗೊಂಡು ಬಾಯಾಗ ಹಾಕ್ಕೊಂಡೆ. ಅಷ್ಟಕ್ಕ ಬಿಡ್ತಾರ ಅಂತ ತಿಳ್ಕೊಂಡಿದ್ದೆ. ಇಬ್ಬರು ದವಡೆ ಹಿಡಕೊಂಡ್ರು. ಮತ್ತ ತುಂಬಿದ್ರು. ಮ್ಯಾಲಿಂದ ಚರಿಗಿಲೆ ನೀರು ಹೊಯ್ದ್ರು.”

ಇಂಥ ಮಾತಿಗೆ ಮನುಷ್ಯರಾದವರು ಏನಾದರೂ ಸಮಾಧಾನ ಹೇಳುತ್ತಾರೆ. ನಾನು ಕೇಳಿದ್ದೇ ಬೇರೆ.

“ಗಟ್ಟಿ ಆಯ್ತೇನ್ರಿ?”

“ಏನ್ರಿ?”

“ಬಾಯಾಗ. ನೀರು ಬಿದ್ದ ಮ್ಯಾಲ ಪುಡಿ ಬಿಗೀತೇನು?”

“ಇಲ್ರಿ,” ಎಂದರು, “ರಾಡಿ ಆಯ್ತು. ಉಗುಳಾಕ ಬಿಡ್ಲಿಲ್ಲ. ನುಂಗಿದೆ.”

ನನಗೆ ಆ ಕ್ಷಣ ಆದದ್ದು ಸಂತೋಷ. ನಾಚಿಕೆ ಆಮೇಲೆ ಬಂತು. ಪಿಓಪಿ ಆಗಿದ್ದರೆ ಬಾಯಿಯ ಬಿಸಿಗೆ, ಅಷ್ಟು ನೀರಿಗೆ, ಅದು ಹಲ್ಲಿನ ಸಂದಿಯಲ್ಲೇ ಕಲ್ಲಾಗಿ ಕೂರಬೇಕಿತ್ತು. ಆಗಲಿಲ್ಲ ಎಂದರೆ ಅದರೊಳಗೆ ಎರಡೂ ನೀರು ಇದ್ದವು. ವರದಿಯಲ್ಲಿ ಎಲ್ಲೋ ತಪ್ಪಿತ್ತು.

ಅವರು ಆ ಸಣ್ಣ ಚೀಲವನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋದ ಮೇಲೆ ಕಪಾಟಿನಲ್ಲಿದ್ದ ಹಳೆಯ ಮಾದರಿಯ ಉಳಿಕೆಯನ್ನು ತೆಗೆದೆ. ಒಂದು ಬೀಕರಿಗೆ ಹಾಕಿ ನೀರು ಬೆರೆಸಿ ಕಲಸಿ ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಗಾಜಿನ ಕಡ್ಡಿ ಅದರಲ್ಲಿ ನೆಟ್ಟ ಗೂಟದ ಹಾಗೆ ನಿಂತಿತ್ತು. ಎಳೆದರೆ ಬೀಕರೇ ಮೇಲೆ ಬಂತು. ನನ್ನ ಸಂತೋಷ ಅಲ್ಲಿಗೆ ಮುಗಿಯಿತು. ಮುಖ್ಯಸ್ಥರು ಬರೆದದ್ದು ಸರಿಯಾಗಿತ್ತು, ಈ ಮಾದರಿ ಪಿಓಪಿಯೇ.

ಇನ್ನು ಅವರು ತಂದುಕೊಟ್ಟ ಸಣ್ಣ ಚೀಲ. ಅದರದ್ದೂ ಒಂದು ಚಮಚ ಕಲಸಿದೆ. ಸಂಜೆಯ ಬಸ್ಸಿನ ಹೊತ್ತಿಗೂ ಅದು ಕೆನೆಗಟ್ಟಿದ ಸುಣ್ಣದ ನೀರಿನ ಹಾಗೆಯೇ ಇತ್ತು. ಈಗ ಎರಡೇ ಸಾಧ್ಯತೆ. ಒಂದೋ ಈ ಮನುಷ್ಯ ಸಂಘಕ್ಕೆ ಒಂದು ಮಾಲು ಹಾಕಿ ನನಗೆ ಬೇರೆ ಮಾಲು ತಂದು ಕೊಟ್ಟಿದ್ದಾನೆ. ಇಲ್ಲವೇ ಸಂಘದವರೇ ಯಾರೋ ಮಾದರಿ ಬದಲಾಯಿಸಿದ್ದಾರೆ. ಬಸ್ಸಿನಲ್ಲಿ ಊರು ಮುಟ್ಟುವ ತನಕ ನಾನು ಒಬ್ಬರಾದ ಮೇಲೊಬ್ಬರನ್ನು ಕಳ್ಳರನ್ನಾಗಿ ಮಾಡಿ ನೋಡಿದೆ. ಒಡೆದ ತುಟಿಯವರನ್ನೂ ಬಿಡಲಿಲ್ಲ.

ಮರುದಿನ ಬಂದವಳೇ ಆ ಸಣ್ಣ ಚೀಲ ಹುಡುಕಿದೆ. ಟೇಬಲ್ಲಿನ ಮೇಲೆ ಇರಲಿಲ್ಲ. ಕಾಕಾ ಅದನ್ನು ಟ್ರೇಯೊಂದರಲ್ಲಿ ಹರಡಿ ತಂದುಕೊಟ್ಟರು. ಟ್ರೇ ಇನ್ನೂ ಬೆಚ್ಚಗಿತ್ತು. ಸರಿ, ತೂಕಕ್ಕೆ ಮುಂಚೆ ಇನ್ನೊಂದು ಸಲ ನೋಡೋಣ ಎಂದು ಒಂದು ಚಮಚ ಕಲಸಿ ಇಟ್ಟೆ. ಎರಡು ಮಣ್ಣಿನ ಮಾದರಿ ಮುಗಿಸುವಷ್ಟರಲ್ಲಿ ಅದು ಕಲ್ಲಾಗಿತ್ತು.

ನಿನ್ನೆ ರಾಡಿ, ಇವತ್ತು ಕಲ್ಲು. ಚೀಲ ಅದೇ, ಪುಡಿ ಅದೇ. ಗಿರಣಿಯವರು ಮುಟ್ಟಿಲ್ಲ, ಸಂಘದವರು ಮುಟ್ಟಿಲ್ಲ.

“ಕಾಕಾ, ಇದನ್ನ ಏನು ಮಾಡಿದ್ರಿ?”

“ಏನು ಮಾಡ್ತೀನಿ ಯವ್ವಾ. ದಿನಾ ಮಾಡೂದೇ. ಹೋಗೂ ಮುಂದ ಓವನ್ನಿಗೆ ಇಟ್ಟೆ, ಮುಂಜಾನಿ ಬಂದು ತಗದೆ.”

“ಎಷ್ಟಕ್ಕ?”

“ನೂರಾ ಐದಕ್ಕ. ಮತ್ತ ಎಷ್ಟಕ್ಕ ಇಡ್ತಾರ?”

ನಮ್ಮದು ಮಣ್ಣಿನ ಪ್ರಯೋಗಾಲಯ. ಮಣ್ಣನ್ನು ನೂರಾ ಐದು ಡಿಗ್ರಿಯಲ್ಲಿ ಒಣಗಿಸುತ್ತೇವೆ, ಒಣಗಿಸದೆ ತಕ್ಕಡಿಗೆ ತರುವುದಿಲ್ಲ. ಮುಖ್ಯಸ್ಥರು ಬಂದ ಹೊಸತರಲ್ಲೇ ಹುಕುಂ ಮಾಡಿದ್ದರಂತೆ, ಬಾಗಿಲು ದಾಟಿ ಒಳಗೆ ಬಂದದ್ದೆಲ್ಲ ಮೊದಲು ಓವನ್ನಿಗೆ. ಮಣ್ಣಿಗೆ ಅದು ಸರಿ. ಜಿಪ್ಸಂಗೆ ಆ ಬಿಸಿ ಸಾಕು, ಹರಳಿನೊಳಗಿನ ಒಂದೂವರೆ ನೀರು ಹಾರಿ ಅರ್ಧ ಉಳಿಯುತ್ತದೆ. ನಾವು ರಾತ್ರಿಯೆಲ್ಲ ಅಸಲಿ ಜಿಪ್ಸಂ ಬೇಯಿಸಿ ಪಿಓಪಿ ಮಾಡಿ, ಬೆಳಗ್ಗೆ ಅದನ್ನು ಪರೀಕ್ಷಿಸಿ, ಪಿಓಪಿ ಎಂದು ಬರೆದುಕೊಡುತ್ತಿದ್ದೆವು. ಹಾರಿಹೋದ ನೀರನ್ನು ತೇವಾಂಶ ಎಂದು ಬರೆದು, ತೂಕಕ್ಕೆ ನೀರು ಹೊಡೆದಿದ್ದಾನೆ ಎಂಬ ಇನ್ನೊಂದು ಕಳ್ಳತನವನ್ನೂ ಅದರ ಮೇಲೆ ಹೊರಿಸಿದ್ದೆವು.

ನನಗೆ ಬಂದ ಸಿಟ್ಟಿಗೆ ಮೇರೆ ಇರಲಿಲ್ಲ. ಆದರೆ ಸಿಟ್ಟು ಲೆಕ್ಕವಲ್ಲ, ಅಂಕಿ ಬೇಕಿತ್ತು. ಗಿರಣಿಯವರಿಗೆ ಫೋನ್ ಮಾಡಿ ಇನ್ನೊಂದು ಚೀಲ ತರಿಸಿದೆ, ಅದನ್ನು ನನ್ನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟೆ. ನಲವತ್ತೈದು ಡಿಗ್ರಿಯಲ್ಲಿ ಒಣಗಿಸಬೇಕು. ನಮ್ಮ ಊರಿನಲ್ಲಿ ಆ ತಿಂಗಳು ಓವನ್ನಿನ ಬಾಗಿಲು ತೆರೆದಿಟ್ಟರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಖಾಲಿ ಮೂಸೆಯನ್ನು ಕಾಸಿ, ಆರಿಸಿ, ತೂಗಿ, ಎರಡು ಗ್ರಾಂ ಹಾಕಿದೆ. ತೂಗುವಾಗ ಫ್ಯಾನ್ ಹಾಕುವ ಹಾಗಿಲ್ಲ, ಗಾಳಿಗೆ ತಕ್ಕಡಿ ಅಲುಗುತ್ತದೆ. ಹಣೆಯ ಬೆವರು ತಟ್ಟೆಗೆ ಬೀಳದ ಹಾಗೆ ಸೆರಗು ಒತ್ತಿ ಹಿಡಿದುಕೊಂಡು ಓದಬೇಕು.

ಮೊದಲನೆಯ ಸಲ ಮೂಸೆ ಕುಲುಮೆಯಲ್ಲಿದ್ದಾಗ ಕರೆಂಟ್ ಹೋಯಿತು. ಅರ್ಧ ಸುಟ್ಟ ಪುಡಿ ಗಾಳಿಯ ತೇವ ಎಳೆದುಕೊಂಡು ತೂಕ ಏರಿತು, ಬಿಸಾಡಿದೆ. ಎರಡನೆಯ ಸಲ ಆತುರಕ್ಕೆ ಬಿಸಿ ಮೂಸೆಯನ್ನು ತಣ್ಣನೆಯ ಕಲ್ಲಿನ ಮೇಲೆ ಇಟ್ಟೆ, ಟಪ್ಪನೆ ಸೀಳಿತು. ಮೂರನೆಯದಕ್ಕೆ ಸುಟ್ಟು, ಆರಿಸಿ, ತೂಗಿ, ಮತ್ತೆ ಸುಟ್ಟು, ಮತ್ತೆ ತೂಗಿ, ತೂಕ ಇನ್ನು ಇಳಿಯುವುದಿಲ್ಲ ಎನ್ನುವ ತನಕ ಬಿಡಲಿಲ್ಲ. ಉಳಿದದ್ದು 1.586 ಗ್ರಾಂ. ಹೋದದ್ದು 0.414. ನೀರಿನ ಪಾಲು 0.0230, ಸಲ್ಫೇಟಿನ ಪಾಲು 0.0117. ಭಾಗಿಸಿದರೆ ಎರಡಕ್ಕೆ ಕೂದಲೆಳೆಯಷ್ಟು ಕಡಿಮೆ. ಕಲ್ಲಿನಲ್ಲಿ ಇರುವ ಚೂರುಪಾರು ಮಣ್ಣಿಗೆ ಅಷ್ಟು ಬಿಡಬೇಕು. ಗಿರಣಿಯವರ ಮಾಲು ಜಿಪ್ಸಂ. ಒಳ್ಳೆಯ ಜಿಪ್ಸಂ.

ಅದೇ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ಮುಖ್ಯಸ್ಥರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು, ತಾವೇ ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿದರು. ನೂರಾ ಐದರ ಕಥೆ ಹೇಳಿದಾಗ ಅವರ ಕೈ ನಿಂತಿತು. ಅವರಿಗೆ ಒಂದೇ ಮಾತಿಗೆ ತಿಳಿಯಿತು, ದಡ್ಡರಲ್ಲ ಅವರು. ದಡ್ಡರಾಗಿದ್ದರೆ ನಾನು ಕ್ಷಮಿಸುತ್ತಿದ್ದೆ.

“ಲೆಕ್ಕ ಬರೋಬ್ಬರಿ ಅದ,” ಎಂದರು. “ಈಗ ಇದು ತಪ್ಪು ಅಂತ ಬರಕೊಟ್ರ, ಹಿಂದ ಫೇಲ್ ಮಾಡಿದ ಜಿಪ್ಸಂನವರಿಗೆಲ್ಲ ಏನು ಹೇಳ್ಲಿ? ಅವರೂ ಬಂದು ಬಾಗಲದಾಗ ಕುಂದ್ರತಾರ.”

“ಸರ್, ಆ ಮನುಷ್ಯನ ಬಾಯಾಗ ಪುಡಿ ತುಂಬ್ಯಾರ್ರಿ.”

“ನಾ ತುಂಬು ಅಂದೇನು? ನಾ ವರದಿ ಕೊಟ್ಟೀನಿ.” ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. “ಒಂದು ದಾರಿ ಅದ. ಯಾರನ್ನೂ ಕೇಳದ ನಾನೇ ಓವನ್ನಿಗೆ ಇಟ್ಟೆ, ನಂದೇ ತಪ್ಪು ಅಂತ ಅಟೆಂಡರ್ ಬರಕೊಡ್ಲಿ. ಅವನನ್ನ ಮನಿಗೆ ಕಳಸ್ತೀನಿ. ಹೊಸಾ ವರದಿ ಇವತ್ತೇ ಕೊಡ್ತೀನಿ.”

ಕಾಕಾ ಬಾಗಿಲಲ್ಲೇ ನಿಂತಿದ್ದರು. ಚಹಾ ತಂದವರು ಹಾಗೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕಪ್ಪನ್ನು ಮುಖ್ಯಸ್ಥರ ಮುಂದೆ ಇಟ್ಟು, ಕೈ ಒರೆಸಿಕೊಂಡು, “ಎಲ್ಲಿ ಸಹಿ ಮಾಡ್ಲಿರಿ ಸಾಹೇಬ್ರ?” ಎಂದರು. ವ್ಯಂಗ್ಯವಲ್ಲ. ಸಾಹೇಬರು ಹೇಳಿದ್ದನ್ನು ಮಾಡಿಯೇ ಕೂದಲು ಬೆಳ್ಳಗೆ ಮಾಡಿಕೊಂಡವರು, ಇದನ್ನೂ ಮಾಡುತ್ತಿದ್ದರು.

“ಬ್ಯಾಡ ಕಾಕಾ, ನೀವು ಹೋಗ್ರಿ,” ಎಂದೆ. ನನ್ನ ಹಾಳೆಯನ್ನು ವಾಪಸ್ ತೆಗೆದುಕೊಂಡೆ. ಒಬ್ಬರ ಬಾಯಿಯ ಪುಡಿ ತೆಗೆದು ಇನ್ನೊಬ್ಬರ ಬಾಯಿಗೆ ತುಂಬುವ ವರದಿ ನನಗೆ ಬೇಡವಾಗಿತ್ತು. ಪ್ರಯೋಗಾಲಯದ ಮೊಹರು ಇಲ್ಲದೆಯೂ ಈ ವಸ್ತು ತಾನು ಏನೆಂದು ಹೇಳಬಲ್ಲದು. ಅದನ್ನು ತೀರ್ಪು ಕೊಟ್ಟವರ ಮುಂದೆಯೇ ಹೇಳಿಸುತ್ತೇನೆ ಎಂದು ಅವತ್ತು ನಿರ್ಧಾರ ಮಾಡಿದೆ. ಅಷ್ಟು ಮಾಡಿದರೆ ಗಿರಣಿಯವರ ಹೆಸರು ಅವರಿಗೆ ವಾಪಸ್ ಸಿಗುತ್ತದೆ ಎಂದು ನಂಬಿದ್ದೆ.

ರಜೆಯ ದಿನ ಬೆಳಗ್ಗೆ ಶಹಾಪುರದಲ್ಲಿ ಛತ್ತಿನ ಕೆಲಸ ಮಾಡುವವರ ಹತ್ತಿರ ಒಂದು ಪೊಟ್ಟಣ ಪಿಓಪಿ ತೆಗೆದುಕೊಂಡು ಆ ಹಳ್ಳಿಗೆ ಹೋದೆ. ಗಿರಣಿಯವರಿಗೂ ಬರಲು ಹೇಳಿದ್ದೆ. ಬಂದವರು ಗೋದಾಮಿನ ಕಟ್ಟೆ ಹತ್ತಲಿಲ್ಲ, ಬೇವಿನ ಗಿಡದ ಕೆಳಗೆ ನಿಂತರು. ಹತ್ತಿ ಎಂದು ಯಾರೂ ಕರೆಯಲೂ ಇಲ್ಲ. ಕಾರ್ಯದರ್ಶಿ ನನಗೆ ಕುರ್ಚಿ ಹಾಕಿಸಿದರು, ತಣ್ಣನೆಯ ನೀರು ತರಿಸಿದರು. ಸಂಘದ ಗಂಡಸರು ಸುತ್ತ ಕೂತರು.

ಎರಡು ಸ್ಟೀಲ್ ಬಟ್ಟಲು ಕೇಳಿ ಪಡೆದೆ. ಒಂದಕ್ಕೆ ಪಿಓಪಿ. ಇನ್ನೊಂದಕ್ಕೆ ಅದೇ ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ ಗಿರಣಿಯವರ ಚೀಲದಿಂದ ಸಂಘದವರ ಕೈಯಿಂದಲೇ ತೆಗೆಸಿದ ಪುಡಿ. ಎರಡಕ್ಕೂ ಒಂದೇ ಅಳತೆ ನೀರು. ಕಲಸಿ ಕಾದೆವು. ಯಾರೋ ಭತ್ತದ ದರ ಮಾತಾಡಿದರು, ಯಾರೋ ಬೀಡಿ ಹಚ್ಚಿದರು. ಪಿಓಪಿ ಬಟ್ಟಲು ಕೈಗೆ ಬೆಚ್ಚಗಾಗತೊಡಗಿತು. ಕೊನೆಗೆ ಅದನ್ನು ಬೋರಲು ಮಾಡಿದೆ, ಏನೂ ಬೀಳಲಿಲ್ಲ. ಇನ್ನೊಂದನ್ನು ವಾಲಿಸಿದೆ. ಬಿಳಿ ರಾಡಿ ಕಟ್ಟೆಯ ಮೇಲೆ ಹರಿದು ಕಾರ್ಯದರ್ಶಿಯ ಚಪ್ಪಲಿಯ ತನಕ ಹೋಯಿತು.

“ಇದು ಅವರ ಬಾಯಾಗ ನೀವು ತುಂಬಿದ್ದು,” ಎಂದೆ. “ಪಿಓಪಿ ಆಗಿದ್ರ ಆ ಬಟ್ಟಲದಾಗಿಂದರಂಗ ಬಿಗೀತಿತ್ತು. ಆ ದಿನ ಬಿಗೀತೇನು?”

ಒಬ್ಬರು ತಮ್ಮ ಅಂಗೈಯನ್ನು ನೋಡಿಕೊಂಡರು. ದವಡೆ ಹಿಡಿದವರಲ್ಲಿ ಒಬ್ಬರು ಅವರೇ ಇರಬೇಕು ಎಂದು ನನಗೆ ಅನ್ನಿಸಿತು. ನಾನು ಓವನ್ನಿನ ಕಥೆ ಹೇಳಿದೆ, ತೂಕದ ಅಂಕಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ನಾನು ಗೆದ್ದೆ ಎಂದುಕೊಂಡೆ.

ಕಾರ್ಯದರ್ಶಿ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿದರು. “ತಿಳೀತ್ರಿ ಮೇಡಮ್ರ. ಮಾಲು ಬರೋಬ್ಬರಿ ಅದ. ಅದರಾಗ ಎರಡು ಮಾತಿಲ್ಲ.”

“ಹಂಗಾರ ಮತ್ತ ಅವರ ಹತ್ರನೇ ತಗೋರಿ.”

“ಅದ್ಹೆಂಗ ಆಗ್ತದ್ರಿ?” ಅವರಿಗೆ ನಿಜವಾಗಿ ಆಶ್ಚರ್ಯವಾಗಿತ್ತು. “ಇಷ್ಟೆಲ್ಲಾ ಆದ ಮ್ಯಾಲ ಅವನ ಹತ್ರ ತಗೋಬೇಕಂದ್ರ ದಿನಾ ಅವನ ಮಾರಿ ನೋಡ್ಬೇಕಲ್ರಿ.”

“ತಪ್ಪಾಯ್ತು ಅನ್ರಿ. ಮಾಫಿ ಕೇಳ್ರಿ.”

“ಅವಂಗ?”

ಅಷ್ಟೇ. ಆ ಒಂದು ಪ್ರಶ್ನೆಗೆ ಕೂತವರಲ್ಲಿ ಒಂದಿಬ್ಬರು ಮೆಲ್ಲಗೆ ನಕ್ಕರು, ನಾನೇನೋ ಎಳೆಯ ಮಾತು ಆಡಿದ ಹಾಗೆ. ಕಾರ್ಯದರ್ಶಿ ನನ್ನನ್ನು ಬಸ್ಸಿನ ತನಕ ಬಿಡಲು ಒಬ್ಬರಿಗೆ ಹೇಳಿದರು. ಹೋಗುವ ಮುಂಚೆ ತಗ್ಗಿದ ದನಿಯಲ್ಲಿ, “ಅವನ ಕೈಯಾಗ ಕಾಗದಾ ಏನೂ ಕೊಡಬ್ಯಾಡ್ರಿ. ಠಾಣೆಗೆ ಗೀಣೆಗೆ ಹೋದಾನು,” ಎಂದರು.

ಗಿಡದ ಕೆಳಗೆ ನಿಂತವರಿಗೆ ಎಲ್ಲ ಕೇಳಿಸಿತ್ತು. ನನ್ನ ಹಾಳೆಯನ್ನು ಅವರಿಗೆ ಕೊಡಲು ಹೋದೆ. ಅವರು ಕೈ ಚಾಚಲಿಲ್ಲ.

“ನಿಮಗ ಪುಣ್ಯ ಬರ್ಲಿ ಮೇಡಮ್ರ. ಆದ್ರ ನೀವು ಬರಬಾರ್ದಿತ್ತು. ನಾ ಕಳ್ಳ ಇದ್ದಾಗ, ಹೋಗ್ಲಿ ಬಿಡು, ಹೊಟ್ಟಿಪಾಡಿಗೆ ಮಾಡ್ಯಾನ ಅನ್ನೋರು ಇದ್ರು. ಇನ್ನೊಂದು ಬಾರಿ ಮಾಲು ನೋಡಿ ತಗೋತೀವಿ ಅಂದಿದ್ರು. ಈಗ ನಂದು ತಪ್ಪಿಲ್ಲ ಅಂತ ಎಲ್ಲಾರಿಗೂ ಗೊತ್ತಾಯ್ತಲ್ರಿ, ಇನ್ನ ಯಾರು ಮಾಫ್ ಮಾಡ್ತಾರ?”

ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ನಡೆದರು. ನಾನು ಆ ಹಾಳೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ದುಃಖಕ್ಕಿಂತ ಹೆಚ್ಚಾಗಿ ನನಗೆ ಅವಮಾನವಾಗಿತ್ತು.

ಮುಖ್ಯಸ್ಥರು ಈ ಬಗ್ಗೆ ಮುಂದೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಮಳೆ ಶುರುವಾಗುವ ಮುಂಚೆ ಆ ಸಂಘದವರೇ ಮತ್ತೆ ಜಿಪ್ಸಂ ಮಾದರಿ ತಂದರು. ಈ ಸಲ ರಾಯಚೂರಿನ ವ್ಯಾಪಾರಿಯೊಬ್ಬರ ಹೆಸರಿತ್ತು. ಮಾಲು ಎಲ್ಲಿಂದ ಎಂದು ಕೇಳಿದೆ. ಚೀಲ ಹೊತ್ತು ತಂದ ಆಳು ಏನೂ ಮುಚ್ಚಿಡದೆ ಹೇಳಿದ:

“ಅದೇ ಯಾದಗಿರಿ ರೋಡಿನ ಗಿರಣಿರಿ. ಸಾವ್ಕಾರ್ರು ತಗೊಂಡಾರ. ಮೊದಲಿನಾತ ಅಲ್ಲೇ ಕೂಲಿಗೆ ಅದಾನ. ಕಲ್ಲು ಹಾಕ್ತಾನ, ಜರಡಿ ಹಿಡಿತಾನ. ಹೊರಗ ಬರಂಗಿಲ್ಲ.”

ಅದೇ ಕಲ್ಲು, ಅದೇ ಗಿರಣಿ, ಅವರದೇ ಕೈ. ಇನ್ನು ಯಾರೂ ಅವರ ಮುಖ ನೋಡಬೇಕಾಗಿರಲಿಲ್ಲ.

ಸಂಜೆ ಕಾಕಾ ಆ ಪುಡಿಯನ್ನು ಟ್ರೇಯಲ್ಲಿ ಹರಡಿದರು. ಓವನ್ನಿನ ಬಾಗಿಲು ತೆರೆದು ನನ್ನ ಕಡೆ ತಿರುಗಿದರು.

“ಸಾಹೇಬ್ರು ಮೇಡಮ್ಮಗ ಕೇಳಿ ಇಡು ಅಂದಾರ. ಎಷ್ಟಕ್ಕ ಇಡ್ಲಿ ಯವ್ವಾ?”

“ನಲವತ್ತೈದು,” ಎಂದೆ.

ಮರುದಿನ ಎರಡು ನೀರು ಬಂತು. ಮುಖ್ಯಸ್ಥರು ಸಹಿ ಹಾಕಿದರು.